ಲಾಗ್‌ನಲ್ಲಿ ಇಲ್ಲದ್ದು ನಡೆದೇ ಇಲ್ಲವೇ?

ರಾತ್ರಿ ಕೈಕಾಲು ಬಿಟ್ಟು ನಿಂತುಹೋದ ಸರ್ವರ್ ಒಂದನ್ನು ಬಲವಂತವಾಗಿ ರೀಸ್ಟಾರ್ಟ್ ಮಾಡಿದ ಮೇಲೆ ಯಾರೇ ಆದರೂ ಮೊದಲು ತೆರೆಯುವುದು ಲಾಗ್ ಅನ್ನು, ಅಂದರೆ ಯಂತ್ರ ತನ್ನಲ್ಲಿ ನಡೆದದ್ದನ್ನು ಬರೆದಿಡುವ ಕಡತವನ್ನು. ನಾನೂ ಅದನ್ನೇ ಮಾಡಿದ್ದೆ. 3 ಗಂಟೆ 12 ನಿಮಿಷಕ್ಕೆ ಒಂದು ಸಾಲಿತ್ತು, ನಿಗದಿತ ಕೆಲಸವೊಂದು ಸರಿಯಾಗಿ ಮುಗಿಯಿತು ಎಂಬ ನೆಮ್ಮದಿಯ ಸಾಲು. ಅದರ ಕೆಳಗಿನದು 3 ಗಂಟೆ 41 ನಿಮಿಷದ್ದು, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ತನ್ನ ಆವೃತ್ತಿಯ ಹೆಸರು ಹೇಳಿಕೊಂಡು ಹೊಸದಾಗಿ ಎದ್ದ ಸಾಲು. ನಡುವೆ ಏನೂ ಇಲ್ಲ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಅನುಮಾನಪಡಲು ಒಂದು ಪದವೂ ಇಲ್ಲ. ಅದನ್ನು ಓದಿದರೆ ಯಂತ್ರ 3.12ಕ್ಕೇ ಉಸಿರು ನಿಲ್ಲಿಸಿತು ಅನ್ನಬೇಕು. ಆದರೆ 3.16ರವರೆಗೆ ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿತ್ತು ಎಂದು ಪಕ್ಕದ ಯಂತ್ರದ ಲಾಗ್ ಹೇಳುತ್ತಿತ್ತು. ಹಾಗಾದರೆ ಆ ನಾಲ್ಕು ನಿಮಿಷ ಎಲ್ಲಿ ಹೋಯಿತು?

ಲಾಗ್ ಅಂದರೆ ಸಿಸಿ ಕ್ಯಾಮೆರಾ ಇದ್ದಹಾಗೆ, ನಡೆದದ್ದೆಲ್ಲ ತಾನಾಗಿ ದಾಖಲಾಗುತ್ತದೆ ಎಂಬ ನಂಬಿಕೆ ಕಂಪ್ಯೂಟರ್ ಬಲ್ಲವರಲ್ಲೂ ಇದೆ. ಒಳಗೆ ಇಣುಕಿದರೆ ಕಾಣುವುದು ಟಪಾಲು ದಾಖಲಿಸುವ ಗುಮಾಸ್ತ. ಯಾರು ಏನು ತಂದುಕೊಟ್ಟರೋ ಅಷ್ಟನ್ನೇ ಆತ ಬರೆದುಕೊಳ್ಳುತ್ತಾನೆ. ಒಬ್ಬನೇ ರಾಶಿ ರಾಶಿ ತಂದರೆ ಸಾಕು ಮಾಡಪ್ಪಾ ಎನ್ನುತ್ತಾನೆ. ಪುಸ್ತಕ ತುಂಬಿದರೆ ಹಳೆಯ ಹಾಳೆ ಹರಿದು ಹಾಕುತ್ತಾನೆ. ಆಪರೇಟಿಂಗ್ ಸಿಸ್ಟಂನ ಲಾಗ್ ಸೇವೆಯನ್ನು ಕಟ್ಟಿದವರು ಹೆಜ್ಜೆಹೆಜ್ಜೆಗೂ ಮಾಡಿರುವುದು ಒಂದೇ ತೀರ್ಮಾನ: ಏನು ಕಳೆದುಹೋದರೆ ಪರವಾಗಿಲ್ಲ? ಇದು ಸಿಸ್ಟಂ ಅಡ್ಮಿನ್‌ಗಳ ಒಳಮಾತಾಗಿಯೇ ಉಳಿದಿದ್ದರೆ ಈ ಲೇಖನ ಬೇಕಿರಲಿಲ್ಲ. ಮಾಹಿತಿ ಸೋರಿಕೆಯಾದಾಗಲೆಲ್ಲ 'ದುರ್ಬಳಕೆ ಆದ ಬಗ್ಗೆ ಪುರಾವೆ ಸಿಕ್ಕಿಲ್ಲ' ಎಂದು ಕಂಪನಿಗಳು ಹೊರಡಿಸುವ ಪ್ರಕಟಣೆಗೆ ಆಧಾರ ಇದೇ ಗುಮಾಸ್ತನ ಪುಸ್ತಕ. ಆ ಪುಸ್ತಕ ಹೇಗೆ ತುಂಬುತ್ತದೆ, ಹೇಗೆ ಖಾಲಿಯಾಗುತ್ತದೆ ಎಂದು ಗೊತ್ತಿಲ್ಲದೆ ಆ ವಾಕ್ಯವನ್ನು ತೂಗಿ ನೋಡಲು ಬರುವುದಿಲ್ಲ.

ಇದೆಲ್ಲ ಶುರುವಾದದ್ದು ಒಂದು ಇಮೇಲ್ ತಂತ್ರಾಂಶದಿಂದ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿ ಎರಿಕ್ ಆಲ್‌ಮನ್ ಸೆಂಡ್‌ಮೇಲ್ ಬರೆಯುತ್ತಿದ್ದರು. ಅದರ ಗೊಣಗಾಟಗಳನ್ನೆಲ್ಲ ಒಂದೆಡೆ ಬರೆದಿಡಲು ಮಾಡಿಕೊಂಡ ಏರ್ಪಾಡೇ ಸಿಸ್‌ಲಾಗ್. ಪ್ರತಿ ಪ್ರೋಗ್ರಾಮ್ ತನಗೆ ತೋಚಿದ ಕಡೆ ಕಡತ ತೆರೆದು ಬರೆಯುವ ಬದಲು ಎಲ್ಲವೂ ಒಂದೇ ಬಾಗಿಲಿಗೆ ಚೀಟಿ ಹಾಕುತ್ತವೆ. ಹಿನ್ನೆಲೆಯಲ್ಲಿ ಸದಾ ಎಚ್ಚರವಿರುವ ಒಂದು ಡೀಮನ್ ಆ ಚೀಟಿಗಳನ್ನು ಎತ್ತಿಕೊಂಡು, ನಿಯಮ ನೋಡಿ, ಇದು ಈ ಕಡತಕ್ಕೆ, ಇದು ಆ ಯಂತ್ರಕ್ಕೆ, ಇದು ಕಸಕ್ಕೆ ಎಂದು ವಿಂಗಡಿಸುತ್ತದೆ. ಯೂನಿಕ್ಸ್ ಮಾದರಿಯ ಯಂತ್ರಗಳಲ್ಲಿ ಆ ಬಾಗಿಲಿನ ಹೆಸರು /ಡೆವ್/ಲಾಗ್. ಸೆಂಡ್‌ಮೇಲ್‌ನ ಹೊರಗಿನವರಿಗೂ ಇದು ಅನುಕೂಲ ಅನ್ನಿಸಿತು, ಎಲ್ಲರೂ ಎತ್ತಿಕೊಂಡರು. ಯಾರೂ ಕೂತು ಪ್ರಮಾಣೀಕರಿಸಲಿಲ್ಲ. ಇಂಟರ್ನೆಟ್‌ನ ರೀತಿನೀತಿಗಳನ್ನು ಬರೆದಿಡುವ ಆರ್‌ಎಫ್‌ಸಿ ಸರಣಿಯಲ್ಲಿ 3164 ಎಂಬ ದಾಖಲೆ ಬರುವ ಹೊತ್ತಿಗೆ 2001 ಆಗಿತ್ತು. ಅದೂ 'ಹೀಗಿರಬೇಕು' ಎನ್ನುವ ದಾಖಲೆಯಲ್ಲ, 'ಸದ್ಯಕ್ಕೆ ಹೀಗೆ ನಡೆಯುತ್ತಿದೆ' ಎಂದು ಬರೆದಿಟ್ಟದ್ದು.

ಒಂದು ಚೀಟಿಯನ್ನು ಕೈಯಲ್ಲಿ ಹಿಡಿದು ನೋಡೋಣ. ಜಾಲದಲ್ಲಿ ಹೋಗುವ ಸಿಸ್‌ಲಾಗ್ ಸಂದೇಶದ ತಲೆಯಲ್ಲೇ <34> ಎಂಬಂಥ ಒಂದು ಸಂಖ್ಯೆ ಇರುತ್ತದೆ. ಅದನ್ನು ಎಂಟರಿಂದ ಬಿಡಿಸಬೇಕು: ಎಂಟು ನಾಲ್ಕಲೆ ಮೂವತ್ತೆರಡು, ಮೇಲೆ ಎರಡು. ನಾಲ್ಕು ಎಂದರೆ ಲಾಗಿನ್ ಮತ್ತು ಭದ್ರತೆಗೆ ಸಂಬಂಧಿಸಿದ ವಿಭಾಗ, ಎರಡು ಎಂದರೆ 'ಕ್ರಿಟಿಕಲ್' ಎಂಬ ತೀವ್ರತೆ. ವಿಭಾಗಗಳು 0ರಿಂದ 23ರವರೆಗೆ 24, ತೀವ್ರತೆಯ ಮಟ್ಟಗಳು 0ರಿಂದ 7ರವರೆಗೆ 8. ಸಂಖ್ಯೆ ಚಿಕ್ಕದಾದಷ್ಟೂ ಸಂಗತಿ ಗಂಭೀರ. ಸೊನ್ನೆ ಎಂದರೆ ಯಂತ್ರವೇ ಬಳಕೆಗೆ ಬರದ ಸ್ಥಿತಿ, ಏಳು ಎಂದರೆ ಪ್ರೋಗ್ರಾಮರ್ ತನಗಾಗಿ ಬರೆದುಕೊಂಡ ಡೀಬಗ್ ಟಿಪ್ಪಣಿ. ವಿಭಾಗಗಳ ಪಟ್ಟಿ ನೋಡಿದರೆ ಇದರ ವಯಸ್ಸು ತಿಳಿಯುತ್ತದೆ. ಪ್ರಿಂಟರ್‌ಗೆ ಒಂದು ವಿಭಾಗ ಉಂಟು, ಯೂಸ್‌ನೆಟ್ ಸುದ್ದಿಗುಂಪುಗಳಿಗೆ ಒಂದುಂಟು, ದೂರವಾಣಿ ತಂತಿಯಲ್ಲಿ ಕಡತ ಸಾಗಿಸುತ್ತಿದ್ದ ಯುಯುಸಿಪಿಗೂ ಒಂದುಂಟು. ವೆಬ್ ಸರ್ವರ್‌ಗೆ ಇಲ್ಲ, ಡೇಟಾಬೇಸ್‌ಗೆ ಇಲ್ಲ. ಆಮೇಲೆ ಬಂದವರೆಲ್ಲ 'ಲೋಕಲ್ 0'ರಿಂದ 'ಲೋಕಲ್ 7'ರವರೆಗಿನ ಎಂಟು ಖಾಲಿ ಕುರ್ಚಿಗಳಲ್ಲಿ ಹೊಂದಿಕೊಂಡು ಕೂರಬೇಕು.

ಸೋರಿಕೆ ಇಲ್ಲಿಂದಲೇ ಶುರು. ಹಳೆಯ ರೂಢಿಯಂತೆ ಕಡತಕ್ಕೆ ಬರೆಯುವಾಗ ಡೀಮನ್ ಈ ಸಂಖ್ಯೆಯನ್ನು ಕಿತ್ತು ಹಾಕುತ್ತದೆ. ಕಡತದಲ್ಲಿ ಉಳಿಯುವುದು ಸಮಯ, ಯಂತ್ರದ ಹೆಸರು, ಪ್ರೋಗ್ರಾಮ್‌ನ ಹೆಸರು, ಮಾತು. ಆ ಮಾತು ಎಷ್ಟು ಗಂಭೀರ ಎಂದು ಬರೆದವನಿಗೆ ಅನ್ನಿಸಿತ್ತೋ ಅದು ಹೋಯಿತು. ಸಮಯದ ಗತಿಯೂ ಅಷ್ಟೇ. ಹಳೆಯ ನಮೂನೆಯಲ್ಲಿ ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ಉಂಟು, ವರ್ಷವೇ ಇಲ್ಲ! ಯಾವ ಕಾಲವಲಯದ ಗಂಟೆ ಎನ್ನುವುದೂ ಇಲ್ಲ. ಡಿಸೆಂಬರ್ 31ರ ರಾತ್ರಿಯ ಘಟನೆಯನ್ನು ಬೇರೆ ಬೇರೆ ದೇಶಗಳಲ್ಲಿರುವ ಮೂರು ಯಂತ್ರಗಳ ಲಾಗ್ ಜೋಡಿಸಿ ಅರ್ಥಮಾಡಿಕೊಳ್ಳಲು ಹೊರಟವರಿಗೆ ಇದರ ಕಷ್ಟ ಗೊತ್ತು. 2009ರಲ್ಲಿ ಬಂದ ಆರ್‌ಎಫ್‌ಸಿ 5424 ವರ್ಷ, ಕಾಲವಲಯ, ಸೆಕೆಂಡಿನ ಭಿನ್ನಾಂಶ ಎಲ್ಲವನ್ನೂ ಸೇರಿಸಿತು. ಆದರೂ ಹಳೆಯ ನಮೂನೆಯಲ್ಲೇ ಮಾತಾಡುವ ರೂಟರ್‌ಗಳು, ಫೈರ್‌ವಾಲ್‌ಗಳು ಇವತ್ತಿಗೂ ಬೇಕಾದಷ್ಟಿವೆ.

ಇನ್ನು ಸಾಗಣೆ. ಸಿಸ್‌ಲಾಗ್‌ನ ಹುಟ್ಟುಗುಣ ಯುಡಿಪಿ ಎಂಬ ಸಾಗಣೆಯ ವಿಧಾನ, ಅದರ 514ನೇ ಪೋರ್ಟ್. ಯುಡಿಪಿಯಲ್ಲಿ ಕಳಿಸಿದವನಿಗೆ ತಲುಪಿತೇ ಎಂದು ಕೇಳುವ ಅಭ್ಯಾಸವಿಲ್ಲ, ಪಡೆದವನಿಗೆ ಬಂತು ಎಂದು ಹೇಳುವ ಹೊಣೆಯಿಲ್ಲ. ಜಾಲ ಸುಮ್ಮನಿದ್ದಾಗ ಎಲ್ಲವೂ ತಲುಪುತ್ತದೆ. ಜಾಲ ಉಸಿರುಗಟ್ಟಿದಾಗ, ಅಂದರೆ ಲಾಗ್ ನಿಜಕ್ಕೂ ಬೇಕಾದ ಹೊತ್ತಿನಲ್ಲಿ, ಪ್ಯಾಕೆಟ್‌ಗಳು ಉದುರುತ್ತವೆ. ತಲುಪಿತೇ ಎಂದು ಕೇಳಿಕೊಳ್ಳುವ ಟಿಸಿಪಿ ಮೂಲಕ ಕಳಿಸಬಹುದು, ಟಿಎಲ್‌ಎಸ್ ಎಂಬ ಗೂಢಲಿಪಿ ಹೊದಿಸಿ 6514ನೇ ಪೋರ್ಟ್‌ಗೆ ಕಳಿಸಬಹುದು. ಆಗ ಬೇರೊಂದು ಪೀಕಲಾಟ: ಆ ಕಡೆಯ ಯಂತ್ರ ನಿಂತರೆ ಈ ಕಡೆ ಚೀಟಿಗಳು ಗುಡ್ಡೆ ಬೀಳುತ್ತವೆ. ಗುಡ್ಡೆಗೆ ಮಿತಿ ಹಾಕದಿದ್ದರೆ ಮೆಮೊರಿ ತುಂಬುತ್ತದೆ. ಮಿತಿ ಮುಟ್ಟಿದ ಮೇಲೆ ಚೀಟಿ ಎಸೆಯಬೇಕು, ಇಲ್ಲವೇ ಬರೆಯುತ್ತಿರುವ ಪ್ರೋಗ್ರಾಮನ್ನೇ ಕಾಯಿಸಬೇಕು. ಲಾಗ್ ಬರೆಯಲು ಜಾಗವಿಲ್ಲವೆಂದು ಇಡೀ ಸೇವೆ ನಿಂತುಹೋದ ಕಥೆಗಳು ಈ ವೃತ್ತಿಯಲ್ಲಿ ಹೊಸತೇನಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಸಾಲು ಹೋಗಲಿ, ಸೇವೆ ಉಳಿಯಲಿ. ಆದರೆ ಹಣದ ವ್ಯವಹಾರದ ಆಡಿಟ್ ಲಾಗ್ ನೋಡಿಕೊಳ್ಳುವವರು ಇದಕ್ಕೆ ಒಪ್ಪುವುದಿಲ್ಲ, ಅವರ ವಾದವೂ ತಪ್ಪಲ್ಲ.

ಹಳೆಯ ಸಿಸ್‌ಲಾಗ್‌ನ ಅತಿ ದೊಡ್ಡ ದೌರ್ಬಲ್ಯ ಇದಾವುದೂ ಅಲ್ಲ, ಅದರ ಮುಗ್ಧತೆ. ಯಾರು ಬಂದು ಏನು ಹೆಸರು ಹೇಳಿದರೂ ನಂಬುತ್ತಿತ್ತು. 'ಲಾಗರ್' ಎಂಬ ಸಣ್ಣ ಕಮಾಂಡ್ ಇದೆ, ಟರ್ಮಿನಲ್‌ನಿಂದ ಲಾಗ್‌ಗೆ ಒಂದು ಸಾಲು ಬರೆಯಲು. ಅದಕ್ಕೆ ದೂರದಿಂದ ಬರುವ ಲಾಗಿನ್ ನೋಡಿಕೊಳ್ಳುವ ಎಸ್‌ಎಸ್‌ಎಚ್‌ಡಿಯ ಹೆಸರನ್ನು ಟ್ಯಾಗ್ ಆಗಿ ಅಂಟಿಸಿ 'ಇಂಥ ಬಳಕೆದಾರನ ಪಾಸ್‌ವರ್ಡ್ ಒಪ್ಪಲಾಯಿತು' ಎಂದು ಬರೆಸಿದರೆ, ಕಡತದಲ್ಲಿ ಅದು ನಿಜವಾದ ಲಾಗಿನ್ ಸಾಲಿನ ಪಕ್ಕದಲ್ಲೇ, ಅದರದೇ ವೇಷದಲ್ಲಿ ಕೂರುತ್ತದೆ. ಇದಕ್ಕೆ ಯಾವ ವಿಶೇಷ ಅಧಿಕಾರವೂ ಬೇಡ. ಸಾಕ್ಷಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಿದ್ದಾನೆ, ಗುರುತಿನ ಚೀಟಿ ಕೇಳುವವರಿಲ್ಲ.

ಗುರುತಿನ ಚೀಟಿ ಕೇಳಲು ಶುರುಮಾಡಿದ್ದು ಜರ್ನಲ್‌ಡಿ. 2011ರ ನವೆಂಬರ್‌ನಲ್ಲಿ ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸಿ ನಡೆಸುವ ಸಿಸ್ಟಂ-ಡಿಯ ಭಾಗವಾಗಿ ಇದನ್ನು ಪ್ರಸ್ತಾಪಿಸಿದರು. ಇದರಲ್ಲಿ ಒಂದು ದಾಖಲೆ ಎಂದರೆ ಒಂದು ಸಾಲಲ್ಲ, ಹೆಸರು-ಮೌಲ್ಯದ ಜೋಡಿಗಳ ಒಂದು ಕಟ್ಟು. ಸಂದೇಶ ಒಂದು ಜೋಡಿ, ತೀವ್ರತೆ ಇನ್ನೊಂದು. ಇವು ಪ್ರೋಗ್ರಾಮ್ ಹೇಳಿದ್ದು. ಅಂಡರ್‌ಸ್ಕೋರ್‌ನಿಂದ ಶುರುವಾಗುವ ಜೋಡಿಗಳು ಮಾತ್ರ ಬೇರೆ: ಪ್ರಾಸೆಸ್ ಸಂಖ್ಯೆ, ಬಳಕೆದಾರನ ಸಂಖ್ಯೆ, ಅದು ಯಾವ ಸೇವೆಗೆ ಸೇರಿದ್ದು ಇತ್ಯಾದಿ. ಇವನ್ನು ಜರ್ನಲ್‌ಡಿ ಕರ್ನಲ್‌ನ ನೆರವಿನಿಂದ ತಾನೇ ಕಂಡುಕೊಂಡು ಬರೆಯುತ್ತದೆ, ಪ್ರೋಗ್ರಾಮ್ ಅಲ್ಲಿ ಕೈಯಾಡಿಸುವಂತಿಲ್ಲ. ಲಾಗರ್‌ನಿಂದ ಎಸ್‌ಎಸ್‌ಎಚ್‌ಡಿ ವೇಷ ಹಾಕಿದರೆ ಮೇಲ್ನೋಟಕ್ಕೆ ಸಾಲು ಹಾಗೇ ಕಾಣುತ್ತದೆ. ಒಳಗಿನ ಜೋಡಿಗಳನ್ನು ಬಿಡಿಸಿ ನೋಡಿದರೆ ಬರೆದದ್ದು ಸಾಮಾನ್ಯ ಬಳಕೆದಾರ, ಬರೆಸಿದ್ದು ಲಾಗರ್ ಎಂಬುದು ಬಯಲಾಗುತ್ತದೆ. ಹೇಳಿದ್ದು ಬೇರೆ, ಕಂಡದ್ದು ಬೇರೆ ಎಂದು ಎರಡು ಕಾಲಂ ಮಾಡಿದ್ದು ನನ್ನ ಪ್ರಕಾರ ಲಾಗ್ ಸೇವೆಗಳ ಇತಿಹಾಸದಲ್ಲೇ ಅತ್ಯಂತ ಒಳ್ಳೆಯ ಯೋಚನೆ.

ಆದರೆ ಜನ ಜಗಳವಾಡಿದ್ದು ಅದರ ಬಗ್ಗೆ ಅಲ್ಲ. ಜರ್ನಲ್‌ಡಿಯ ಕಡತ ಬೈನರಿ, ಗ್ರೆಪ್, ಟೇಲ್‌ನಂಥ ಹಳೆಯ ಆಯುಧಗಳಿಂದ ನೇರವಾಗಿ ಓದಲು ಬರುವುದಿಲ್ಲ, ಜರ್ನಲ್-ಸಿಟಿಎಲ್ ಎಂಬ ಉಪಕರಣವೇ ಬೇಕು. ಅದಕ್ಕೆ ವರ್ಷಗಟ್ಟಲೆ ರಂಪವಾಯಿತು. ಕಡತದ ಒಂದು ತುಂಡು ಹಾಳಾದರೆ ಪಠ್ಯ ಕಡತದಲ್ಲಿ ನಾಲ್ಕು ಸಾಲು ಹೋಗುತ್ತದೆ, ಬೈನರಿಯಲ್ಲಿ ಎಷ್ಟು ಹೋಗುತ್ತದೋ ಹೇಳಲಾಗದು ಎನ್ನುವ ದೂರಿನಲ್ಲಿ ಹುರುಳಿತ್ತು. ಉಳಿದದ್ದು ಬಹುಪಾಲು ಅಭ್ಯಾಸಬಲ. ಕುಗ್ಗಿಸಿಟ್ಟ ಹಳೆಯ ಪಠ್ಯ ಲಾಗ್‌ಗಳೂ ಬೈನರಿಯೇ ತಾನೆ? ವಿಂಡೋಸ್ ಅಂತೂ 1993ರ ಎನ್‌ಟಿ 3.1ರಿಂದಲೇ ಇವೆಂಟ್ ಲಾಗ್ ಅನ್ನು ಬೈನರಿಯಲ್ಲೇ ಬರೆಯುತ್ತ ಬಂದಿದೆ, ಅಲ್ಲಿ ಯಾರೂ ಬೀದಿಗಿಳಿದದ್ದು ಕಾಣೆ. ಲಿನಕ್ಸ್ ವಿತರಣೆಗಳಾದ ಫೆಡೋರಾ 2013ರಲ್ಲಿ, ಡೆಬಿಯನ್ 2023ರ ತನ್ನ 12ನೇ ಆವೃತ್ತಿಯಲ್ಲಿ ಪಠ್ಯ ಬರೆಯುವ ಡೀಮನ್ನನ್ನು ತಾವಾಗಿ ಅಳವಡಿಸುವುದನ್ನು ಬಿಟ್ಟವು. ಬೇಕಾದವರು ಆರ್‌ಸಿಸ್‌ಲಾಗ್ ಹಾಕಿಕೊಳ್ಳಬಹುದು. ದೊಡ್ಡ ಸರ್ವರ್ ಕೋಣೆಗಳಲ್ಲಿ ಎರಡೂ ಜೊತೆಜೊತೆಗೇ ಓಡುತ್ತಿರುತ್ತವೆ.

ಈಗ ಆ ನಾಲ್ಕು ನಿಮಿಷಕ್ಕೆ ಬರೋಣ. ಜರ್ನಲ್‌ಡಿ ಒಂದು ಸಾಲನ್ನು ಬರೆಯಿತು ಅಂದರೆ ಅದು ಡಿಸ್ಕ್ ಮುಟ್ಟಿತು ಎಂದಲ್ಲ. ಮೊದಲು ಮೆಮೊರಿಯಲ್ಲಿರುವ ಕಡತದ ಪ್ರತಿಗೆ ಬೀಳುತ್ತದೆ, ಕರ್ನಲ್ ಪುರುಸೊತ್ತು ನೋಡಿಕೊಂಡು ಅದನ್ನು ಡಿಸ್ಕ್‌ಗೆ ಇಳಿಸುತ್ತದೆ. ಇಳಿಯಿತೇ ಎಂದು ಜರ್ನಲ್‌ಡಿ ಹಟಹಿಡಿದು ಖಾತ್ರಿ ಮಾಡಿಕೊಳ್ಳುವುದು, ಬೇರೆ ಹೇಳದಿದ್ದರೆ, 5 ನಿಮಿಷಕ್ಕೊಮ್ಮೆ. ಪ್ರತಿ ಸಾಲಿಗೂ ಹಾಗೆ ಮಾಡಿದರೆ ಡಿಸ್ಕ್ ಬೇರೆ ಕೆಲಸ ಮಾಡಲಾರದು. ಅದಕ್ಕೊಂದು ವಿನಾಯಿತಿ ಇದೆ: ಕ್ರಿಟಿಕಲ್, ಅಲರ್ಟ್, ಎಮರ್ಜೆನ್ಸಿ ಈ ಮೂರು ತೀವ್ರತೆಯ ಸಂದೇಶ ಬಂದರೆ ಆ ಕ್ಷಣವೇ ಡಿಸ್ಕ್‌ಗೆ ಇಳಿಸುತ್ತದೆ. ಬರೀ 'ಎರರ್' ಆದರೆ ಇಲ್ಲ. ತೀವ್ರತೆಯನ್ನು ನಿರ್ಧರಿಸುವವನು ಎಂದೋ ಎಲ್ಲೋ ಕೂತು ಕೋಡ್ ಬರೆದ ಪ್ರೋಗ್ರಾಮರ್. ಅವನು ಸಂಕೋಚದ ಮನುಷ್ಯನಾಗಿದ್ದರೆ ಅವನ ಪ್ರೋಗ್ರಾಮ್ ಸಾಯುವಾಗಲೂ 'ಎರರ್' ಎಂದಷ್ಟೇ ಪಿಸುಗುಡುತ್ತದೆ, ಆ ಪಿಸುಮಾತು ಮೆಮೊರಿಯಲ್ಲೇ ಕರಗುತ್ತದೆ. ನನ್ನ ಸರ್ವರ್‌ನಲ್ಲಿ 3.12ರ ನಂತರದ ಸಾಲುಗಳು ಬರೆಯಲ್ಪಟ್ಟಿದ್ದವು, ಅದರಲ್ಲಿ ನನಗೆ ಅನುಮಾನವಿಲ್ಲ. ಕರೆಂಟು ತೆಗೆದಾಗ ಅವು ಕರೆಂಟಿನ ಜೊತೆಗೇ ಹೋದವು.

ಕಳೆದುಹೋಗುವ ದಾರಿಗಳು ಇನ್ನೂ ಇವೆ. ಒಂದು ಸೇವೆ 30 ಸೆಕೆಂಡಿನೊಳಗೆ 10,000ಕ್ಕಿಂತ ಹೆಚ್ಚು ಸಂದೇಶ ಸುರಿದರೆ ಜರ್ನಲ್‌ಡಿ ಬಾಗಿಲು ಹಾಕುತ್ತದೆ. ಡಿಸ್ಕ್‌ನಲ್ಲಿ ಜಾಗ ಹೇರಳವಾಗಿದ್ದರೆ ಈ ಮಿತಿ ತಾನಾಗಿ ಹಿಗ್ಗುತ್ತದೆ. ಎಷ್ಟು ಸಂದೇಶ ತಡೆದೆ ಎಂದು ಆಮೇಲೆ ಒಂದು ಸಾಲು ಬರೆಯುತ್ತದೆ. ಲಾಗ್ ಓದುವಾಗ ನಾನು ಮೊದಲು ಹುಡುಕುವುದೇ ಆ ಸಾಲನ್ನು. ಗುಮಾಸ್ತ ತಾನೇ ಒಪ್ಪಿಕೊಂಡ ಖಾಲಿ ಜಾಗ ಅದು. ಇನ್ನೊಂದು, ಹೆಚ್ಚು ಕಳ್ಳತನದ್ದು: /ವಾರ್/ಲಾಗ್/ಜರ್ನಲ್ ಎಂಬ ಡೈರೆಕ್ಟರಿ ಇಲ್ಲದಿದ್ದರೆ, ಬೇರೆ ಸೂಚನೆ ಇರದಿದ್ದರೆ, ಇಡೀ ಲಾಗ್ /ರನ್ ಅಡಿಯಲ್ಲಿ, ಅಂದರೆ ಮೆಮೊರಿಯಲ್ಲಷ್ಟೇ ಇರುತ್ತದೆ. ಯಂತ್ರ ಓಡುತ್ತಿರುವಷ್ಟು ದಿನ ಎಲ್ಲ ಸರಿಯಾಗಿಯೇ ಕಾಣುತ್ತದೆ. ರೀಸ್ಟಾರ್ಟ್ ಆದಮೇಲೆ ಹಿಂದಿನ ಜನ್ಮದ ನೆನಪೇ ಇಲ್ಲ. ಮತ್ತೊಂದು ಮಿತಿ ಜಾಗದ್ದು. ಕಡತವ್ಯವಸ್ಥೆಯ ಶೇ 10ರಷ್ಟು, ಹೆಚ್ಚೆಂದರೆ 4 ಜಿಬಿ ತುಂಬಿದ ಮೇಲೆ ಹಳೆಯದು ತಾನಾಗಿ ಅಳಿಯುತ್ತದೆ. ಗಲಾಟೆ ಮಾಡುವ ಒಂದೇ ಒಂದು ಪ್ರೋಗ್ರಾಮ್ ಇದ್ದರೆ ಸಾಕು, ಮೂರು ತಿಂಗಳು ಹಿಂದಕ್ಕೆ ಹೋಗಬೇಕಿದ್ದ ಲಾಗ್ ಮೂರು ದಿನಕ್ಕೆ ಕುಗ್ಗುತ್ತದೆ.

ಪಠ್ಯ ಲಾಗ್‌ಗಳ ಹಳೆಯ ಹಾಳೆ ಹರಿಯುವ ಕೆಲಸ ಲಾಗ್‌ರೊಟೇಟ್‌ನದು. ಇಲ್ಲಿ ಹೊಸಬರು ತಪ್ಪದೆ ಎಡವುವ ಒಂದು ಕಲ್ಲಿದೆ. ಡಿಸ್ಕ್ ಶೇ 100 ತುಂಬಿದೆ. ನೋಡಿದರೆ 40 ಜಿಬಿಯ ಒಂದು ಲಾಗ್ ಕಡತ ಸೊಕ್ಕಿ ಕೂತಿದೆ. ಅಳಿಸುತ್ತಾರೆ. ಮತ್ತೆ ಜಾಗ ಅಳೆದು ನೋಡಿದರೆ ಈಗಲೂ ಶೇ 100! ಯೂನಿಕ್ಸ್‌ನಲ್ಲಿ ಅಳಿಸುವುದೆಂದರೆ ಹೆಸರನ್ನು ಅಳಿಸುವುದು. ಆ ಕಡತವನ್ನು ಒಂದು ಪ್ರೋಗ್ರಾಮ್ ತೆರೆದು ಹಿಡಿದಿರುವಷ್ಟು ಹೊತ್ತು ಅದರ ಒಡಲು ಡಿಸ್ಕ್‌ನಲ್ಲೇ ಇರುತ್ತದೆ. ಪ್ರೋಗ್ರಾಮ್ ಆ ಹೆಸರಿಲ್ಲದ ಕಡತಕ್ಕೆ ಬರೆಯುತ್ತಲೇ ಹೋಗುತ್ತದೆ, ಅದನ್ನು ಓದುವವರು ಯಾರೂ ಇಲ್ಲ. ಅದಕ್ಕೇ ಲಾಗ್‌ರೊಟೇಟ್ ಕಡತದ ಹೆಸರು ಬದಲಿಸಿದ ಮೇಲೆ ಡೀಮನ್‌ಗೆ ಸಿಗ್‌ಹಪ್ ಎಂಬ ಸಂಕೇತ ಕಳಿಸಿ 'ಹಳೆಯದು ಮುಚ್ಚು, ಹೊಸದು ತೆರೆ' ಎನ್ನುವುದು. ಸಂಕೇತ ಅರ್ಥವಾಗದ ಪ್ರೋಗ್ರಾಮ್‌ಗಳಿಗೆ ಕಡತವನ್ನು ನಕಲು ಮಾಡಿಕೊಂಡು ಮೂಲವನ್ನು ಬರಿದು ಮಾಡುವ ಇನ್ನೊಂದು ಉಪಾಯವಿದೆ. ನಕಲು ಮುಗಿದು ಬರಿದಾಗುವ ಮುನ್ನಿನ ಕಿರುಗಳಿಗೆಯಲ್ಲಿ ಬಂದ ಸಾಲುಗಳು ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಡೀಮನ್ ಹುಟ್ಟುವ ಮೊದಲು ನಡೆದದ್ದನ್ನು ಬರೆಯುವವರು ಯಾರು? ಕರ್ನಲ್ಲೇ. ಅದಕ್ಕೆ ಸ್ವಂತದ್ದೊಂದು ಉಂಗುರದಾಕಾರದ ಬಫರ್ ಮೆಮೊರಿಯಲ್ಲಿದೆ, ಸಾಮಾನ್ಯವಾಗಿ 128 ಅಥವಾ 256 ಕೆಬಿಯಷ್ಟು ಪುಟ್ಟದು. ಸುತ್ತು ಮುಗಿದರೆ ಹಳೆಯದರ ಮೇಲೆಯೇ ಬರೆಯುತ್ತದೆ. ಡಿ-ಮೆಸೇಜ್ ಕಮಾಂಡ್ ಕೊಟ್ಟಾಗ ಕಾಣುವುದು ಇದೇ. ಅಲ್ಲಿನ ಸಮಯ ಗೋಡೆ ಗಡಿಯಾರದ್ದಲ್ಲ, ಎದ್ದಾಗಿನಿಂದ ಕಳೆದ ಸೆಕೆಂಡುಗಳು, ಸೊನ್ನೆಯಿಂದ ಶುರು. ಡೀಮನ್ ಎದ್ದ ಕೂಡಲೆ ಈ ಉಂಗುರದಲ್ಲಿ ಇದ್ದದ್ದನ್ನೆಲ್ಲ ತನ್ನ ಪುಸ್ತಕಕ್ಕೆ ಎತ್ತಿಕೊಳ್ಳುತ್ತದೆ.

ಬೇರೆ ಮನೆಗಳ ಕಥೆ ಚುಟುಕಾಗಿ. ವಿಂಡೋಸ್‌ನಲ್ಲಿ ಪ್ರತಿ ಬಗೆಯ ಘಟನೆಗೂ ಒಂದು ಸಂಖ್ಯೆ. ಯಶಸ್ವಿ ಲಾಗಿನ್ 4624, ವಿಫಲ ಲಾಗಿನ್ 4625. ಅಚಾನಕ್ ಸತ್ತ ವಿಂಡೋಸ್ ಮತ್ತೆ ಎದ್ದಾಗ 'ಹಿಂದಿನ ಬಾರಿ ನಿರೀಕ್ಷೆಯಿಲ್ಲದೆ ಮುಚ್ಚಿಹೋಗಿದ್ದೆ' ಎಂದು 6008 ಎಂಬ ದಾಖಲೆ ಬರೆದುಕೊಳ್ಳುತ್ತದೆ. ಸಾವನ್ನು ಬರೆಯುವುದು ಮರುಜನ್ಮದಲ್ಲೇ, ಬೇರೆ ದಾರಿ ಇಲ್ಲ. ಸೆಕ್ಯುರಿಟಿ ಲಾಗ್ ಅನ್ನು ಯಾರಾದರೂ ಪೂರ್ತಿ ಒರೆಸಿದರೆ ಖಾಲಿಯಾದ ಪುಸ್ತಕದಲ್ಲಿ 1102 ಬೀಳುತ್ತದೆ, ಒರೆಸಿದವನ ಖಾತೆಯ ಹೆಸರಿನ ಸಮೇತ. ಆ್ಯಪಲ್ 2016ರ ಮ್ಯಾಕ್‌ಓಎಸ್ ಸಿಯೆರಾ ಮತ್ತು ಐಓಎಸ್ 10ರಿಂದ ಎಲ್ಲವನ್ನೂ ಒಂದೇ ಏಕೀಕೃತ ಲಾಗ್‌ಗೆ ತಂದಿತು. ಅಲ್ಲಿ ಸಣ್ಣಪುಟ್ಟ ಮಾಹಿತಿಯ ಸಾಲುಗಳು ಮೆಮೊರಿಯಲ್ಲೇ ಇದ್ದು ಮಾಯವಾಗುತ್ತವೆ, ಡೀಬಗ್ ಸಾಲುಗಳನ್ನು ಕೇಳಿಕೊಳ್ಳದ ಹೊರತು ಹಿಡಿದಿಡುವುದೇ ಇಲ್ಲ. ಓಡುವಾಗ ಬಂದು ಸೇರುವ ಪಠ್ಯದ ಜಾಗದಲ್ಲಿ 'ಪ್ರೈವೇಟ್' ಎಂಬ ಪರದೆ ಬೀಳುತ್ತದೆ. ಸ್ವಂತ ಯಂತ್ರದ ದೋಷ ಹುಡುಕುವಾಗ ಈ ಪರದೆ ಎದುರಾದರೆ ಮೈ ಉರಿಯುತ್ತದೆ, ನಿಜ. ಆದರೂ ಆ್ಯಪಲ್ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಏಕೆಂದರೆ ಕಡಿಮೆ ಬರೆಯುವುದರಷ್ಟೇ ಹೆಚ್ಚು ಬರೆಯುವುದೂ ಅಪಾಯ. 2018ರ ಮೇನಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಲು ಸಲಹೆ ಕೊಟ್ಟಿತು. ಪಾಸ್‌ವರ್ಡ್‌ಗಳನ್ನು ಗೂಢಗೊಳಿಸುವ ಕ್ರಿಯೆ ಮುಗಿಯುವ ಮೊದಲೇ ಅವು ಒಳಗಿನ ಲಾಗ್ ಒಂದರಲ್ಲಿ ಇದ್ದಹಾಗೇ ದಾಖಲಾಗುತ್ತಿದ್ದವು. ಫೇಸ್‌ಬುಕ್ ತನ್ನ ಒಳಗಿನ ವ್ಯವಸ್ಥೆಗಳಲ್ಲಿ ಕೋಟಿಗಟ್ಟಲೆ ಪಾಸ್‌ವರ್ಡ್‌ಗಳು ಓದಬಲ್ಲ ರೂಪದಲ್ಲಿದ್ದವು ಎಂದು 2019ರಲ್ಲಿ ಒಪ್ಪಿಕೊಂಡಿತು. ಅದಕ್ಕಾಗಿ ಐರ್ಲೆಂಡ್‌ನ ದತ್ತಾಂಶ ರಕ್ಷಣಾ ಆಯೋಗ 2024ರಲ್ಲಿ ಮೆಟಾಗೆ 9.1 ಕೋಟಿ ಯೂರೊ ದಂಡ ಹಾಕಿತು. ಡೇಟಾಬೇಸ್‌ಗೆ ಏಳು ಬೀಗ ಹಾಕಿ, ಅದೇ ಗುಟ್ಟನ್ನು ಲಾಗ್‌ನಲ್ಲಿ ಬರೆದು ಹೊಸ್ತಿಲ ಮೇಲಿಟ್ಟ ಹಾಗಾಯಿತು.

2021ರ ಡಿಸೆಂಬರ್‌ನ ಲಾಗ್‌ಫೋರ್‌ಶೆಲ್ ಇನ್ನೂ ಒಂದು ಹೆಜ್ಜೆ ಮುಂದೆ. ಜಾವಾ ಪ್ರೋಗ್ರಾಮ್‌ಗಳು ಲಾಗ್ ಬರೆಯಲು ಬಳಸುವ ಲಾಗ್‌ಫೋರ್‌ಜೆ ಎಂಬ ಗ್ರಂಥಾಲಯ (ಬೇರೆ ಪ್ರೋಗ್ರಾಮ್‌ಗಳು ಎರವಲು ಪಡೆಯುವ ಸಿದ್ಧ ಕೋಡ್‌ನ ಕಟ್ಟು), ಬರೆಯಬೇಕಾದ ಪಠ್ಯದೊಳಗೆ ಒಂದು ಬಗೆಯ ಸೂಚನೆ ಕಂಡರೆ ಅದನ್ನು ಪಾಲಿಸುತ್ತಿತ್ತು, ದೂರದ ಸರ್ವರ್‌ನಿಂದ ಕೋಡ್ ತರಿಸಿ ಓಡಿಸುವಷ್ಟು ವಿಧೇಯವಾಗಿ. ದಾಳಿಕೋರ ಲಾಗಿನ್ ಪುಟದ ಹೆಸರಿನ ಜಾಗದಲ್ಲಿ ಆ ಸೂಚನೆ ಬರೆದು ಕಳಿಸಿದರೆ ಮುಗಿಯಿತು. ಲಾಗಿನ್ ವಿಫಲವಾಗುತ್ತದೆ, ವಿಫಲವಾಯಿತೆಂದು ಲಾಗ್ ಬರೆಯಹೊರಟ ಕ್ಷಣದಲ್ಲೇ ಯಂತ್ರ ಅವನ ಕೈಗೆ ಹೋಗುತ್ತದೆ. ಭದ್ರತಾ ದೋಷಗಳ ತೀವ್ರತೆಯ ಅಳತೆಗೋಲಿನಲ್ಲಿ ಅದಕ್ಕೆ 10ಕ್ಕೆ 10 ಸಿಕ್ಕಿತು.

ಇನ್ನು 2024ರ ಮಾರ್ಚ್‌ನ ಎಕ್ಸ್‌ಜೆಡ್ ಪ್ರಕರಣ. ಕಡತ ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಗ್ರಂಥಾಲಯದಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದರು. ಅದಕ್ಕೂ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೂ ಏನು ಸಂಬಂಧ? ಕೆಲವು ಲಿನಕ್ಸ್ ವಿತರಣೆಗಳು ಎಸ್‌ಎಸ್‌ಎಚ್‌ಡಿಗೆ ಸಿಸ್ಟಂ-ಡಿಯ ಗ್ರಂಥಾಲಯವನ್ನು ಜೋಡಿಸಿದ್ದವು, ಜರ್ನಲ್ ಕಡತಗಳನ್ನು ಕುಗ್ಗಿಸಿ ಹಿಗ್ಗಿಸಲು ಆ ಗ್ರಂಥಾಲಯ ಎಕ್ಸ್‌ಜೆಡ್ ಅನ್ನು ಎಳೆದುಕೊಂಡು ಬರುತ್ತಿತ್ತು. ಅಂದರೆ ಕಳ್ಳ ಒಳಗೆ ಬಂದದ್ದು ಲಾಗ್‌ನ ಬೆನ್ನೇರಿ. ಬಂದವನು ಎಸ್‌ಎಸ್‌ಎಚ್‌ಡಿಯ ಲಾಗ್ ಬರೆಯುವ ಫಂಕ್ಷನ್‌ಗೇ ಕೈಹಾಕಿ ತನ್ನ ಹೆಜ್ಜೆಗುರುತು ಬೀಳದ ಹಾಗೆ ಏರ್ಪಾಡು ಮಾಡಿಕೊಂಡಿದ್ದ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಇದನ್ನು ಪತ್ತೆಹಚ್ಚಿದ್ದು ಯಾವ ಲಾಗ್ ಓದಿಯೂ ಅಲ್ಲ. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿದ್ದರಿಂದ.

ಒಳಗೆ ನುಗ್ಗಿ ಪೂರ್ಣ ಅಧಿಕಾರ ಪಡೆದವನು ಆ ಯಂತ್ರದ ಲಾಗ್ ಅನ್ನು ತಿದ್ದಬಲ್ಲ, ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಜರ್ನಲ್‌ಡಿಯಲ್ಲಿ ಲಾಗ್‌ಗೆ 15 ನಿಮಿಷಕ್ಕೊಮ್ಮೆ ಅರಗಿನ ಮುದ್ರೆ ಒತ್ತುವ ಸೌಲಭ್ಯವಿದೆ. ಪರಿಶೀಲಿಸುವ ಕೀಲಿಯನ್ನು ಬೇರೆಡೆ ಇಟ್ಟುಕೊಂಡರೆ, ಮುದ್ರೆ ಬಿದ್ದ ಹಳೆಯ ಭಾಗವನ್ನು ಆಮೇಲೆ ತಿದ್ದಿದ್ದು ಗೊತ್ತಾಗುತ್ತದೆ. ತಿದ್ದುವುದನ್ನು ಅದು ತಡೆಯುವುದಿಲ್ಲ, ಅಳಿಸಿದ್ದನ್ನು ಮರಳಿ ಕೊಡುವುದೂ ಇಲ್ಲ. ಗಟ್ಟಿ ಉಪಾಯ ಹಳೆಯದೇ: ಬರೆದ ಮರುಕ್ಷಣ ಸಾಲನ್ನು ಇನ್ನೊಂದು ಯಂತ್ರಕ್ಕೆ ದಾಟಿಸುವುದು.

ಈಗ ಆ ಇನ್ನೊಂದು ಯಂತ್ರ ಬಹುಪಾಲು ಮತ್ತೊಬ್ಬರದು, ಕ್ಲೌಡ್ ಕಂಪನಿಯದು. 2023ರಲ್ಲಿ ಸ್ಟಾರ್ಮ್-0558 ಎಂದು ಹೆಸರಿಟ್ಟ ಗುಂಪು ಲಾಗಿನ್ ಚೀಟಿಗಳಿಗೆ ಸಹಿ ಹಾಕುವ ಮೈಕ್ರೋಸಾಫ್ಟ್‌ನ ಕೀಲಿಯೊಂದನ್ನು ಕೈವಶ ಮಾಡಿಕೊಂಡು ಅಮೆರಿಕದ ವಿದೇಶಾಂಗ ಇಲಾಖೆಯ ಇಮೇಲ್ ಓದುತ್ತಿತ್ತು. ಇಲಾಖೆಗೆ ಅದು ಗೊತ್ತಾದದ್ದು, ಯಾವ ಇಮೇಲ್ ಯಾವಾಗ ತೆರೆಯಲಾಯಿತು ಎಂಬ ಲಾಗ್ ಅದರ ಬಳಿ ಇದ್ದುದರಿಂದ. ಆ ಲಾಗ್ ಆಗ ಹೆಚ್ಚು ಹಣ ಕೊಟ್ಟ ಗ್ರಾಹಕರಿಗಷ್ಟೇ ಸಿಗುತ್ತಿತ್ತು. ಅಗ್ಗದ ಯೋಜನೆ ಕೊಂಡವರ ಮನೆಗೂ ಅದೇ ಕಳ್ಳ ಬಂದಿದ್ದರೆ ಅವರಿಗೆ ನೋಡಿಕೊಳ್ಳಲು ಪುಸ್ತಕವೇ ಇರಲಿಲ್ಲ. ಟೀಕೆ ಬಂದಮೇಲೆ ಕಂಪನಿ ಆ ಲಾಗ್‌ಗಳನ್ನು ಎಲ್ಲರಿಗೂ ತೆರೆಯಿತು, ಇಟ್ಟುಕೊಳ್ಳುವ ಅವಧಿಯನ್ನು 90 ದಿನದಿಂದ 180ಕ್ಕೆ ಏರಿಸಿತು. ಆದರೆ ಆ ಕೀಲಿ ಕಳುವಾದದ್ದು ಹೇಗೆ? ಅವಧಿ ಮೀರಿದ್ದರಿಂದ ನೇರ ಪುರಾವೆ ಕೊಡುವ ಲಾಗ್‌ಗಳು ತನ್ನಲ್ಲೇ ಉಳಿದಿಲ್ಲ ಎಂದಿತು ಕಂಪನಿ. ಮರುವರ್ಷ, 2024ರ ಸೆಪ್ಟೆಂಬರ್‌ನಲ್ಲಿ, ಲಾಗ್ ಸಂಗ್ರಹಿಸುವ ಒಳಗಿನ ಏಜೆಂಟ್‌ನ ದೋಷದಿಂದಾಗಿ ಅದರ ಕೆಲವು ಸೇವೆಗಳ ಎರಡು ವಾರಕ್ಕೂ ಹೆಚ್ಚಿನ ಲಾಗ್‌ಗಳು ಗ್ರಾಹಕರಿಗೆ ಸಿಗದೆ ಹೋದವು. ಸೇವೆಗಳು ಓಡುತ್ತಲೇ ಇದ್ದವು, ನಿಂತದ್ದು ಗುಮಾಸ್ತ ಒಬ್ಬನೇ.

'ದುರ್ಬಳಕೆ ಆದ ಬಗ್ಗೆ ಪುರಾವೆ ಸಿಕ್ಕಿಲ್ಲ' ಎಂಬ ವಾಕ್ಯವನ್ನು ಇದಿಷ್ಟನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ಲಾಗ್ ಇತ್ತು, ಹುಡುಕಿದೆವು, ಇರಲಿಲ್ಲ ಎನ್ನುವುದು ಒಂದು. ಆ ಬಗೆಯ ಘಟನೆಯನ್ನು ನಾವು ಬರೆಯುತ್ತಲೇ ಇರಲಿಲ್ಲ ಎನ್ನುವುದು ಇನ್ನೊಂದು. ಬರೆದಿದ್ದೆವು, 30 ದಿನಕ್ಕೆ ಅಳಿಸಿಹೋಯಿತು ಎನ್ನುವುದು ಮತ್ತೊಂದು. ಪ್ರಕಟಣೆಯಲ್ಲಿ ಮೂರಕ್ಕೂ ಒಂದೇ ವಾಕ್ಯ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನ, ಯಾವ ಬಗೆಯ ಲಾಗ್ ನೋಡಿ ಹೀಗೆ ಹೇಳುತ್ತಿದ್ದೀರಿ ಎಂದು ಕೇಳುವ ಪತ್ರಕರ್ತರನ್ನು ನಾನು ನೋಡಿದ್ದು ಕಡಿಮೆ. ಆ ಸಾಲನ್ನು ತಾವಾಗಿಯೇ ಬರೆಯುವ ಕಂಪನಿಗಳು ಇನ್ನೂ ಕಡಿಮೆ.

ನನ್ನ ಸರ್ವರ್‌ಗೆ ಆಮೇಲೆ ನೆಟ್‌ಕನ್ಸೋಲ್ ಜೋಡಿಸಿದೆವು. ಕರ್ನಲ್ ತನ್ನ ಸಂದೇಶಗಳನ್ನು ಡೀಮನ್‌ಗೂ ಡಿಸ್ಕ್‌ಗೂ ಕಾಯದೆ ನೇರವಾಗಿ ಜಾಲದ ಮೇಲೆ ಎಸೆಯುವ ವ್ಯವಸ್ಥೆ ಅದು, ಯುಡಿಪಿಯಲ್ಲೇ, ತಲುಪಿದರೆ ತಲುಪಲಿ ಎಂದು. ಮೂರು ವಾರದ ನಂತರ ಯಂತ್ರ ಮತ್ತೆ ನಿಂತಿತು. ಪಕ್ಕದ ಯಂತ್ರದಲ್ಲಿ ಹನ್ನೊಂದು ಸಾಲು ಬಂದು ಕೂತಿದ್ದವು, ಕೊನೆಯ ನಾಲ್ಕರಲ್ಲೂ ಒಂದೇ ದೂರು: ಡಿಸ್ಕ್ ಕಂಟ್ರೋಲರ್ ಮಾತಾಡುತ್ತಿಲ್ಲ, ರೀಸೆಟ್ ಮಾಡಿದರೂ ಏಳುತ್ತಿಲ್ಲ. ಡಿಸ್ಕ್ ಕೈಕೊಟ್ಟ ಸುದ್ದಿಯನ್ನು ಗುಮಾಸ್ತ ಅದೇ ಡಿಸ್ಕ್‌ನ ಮೇಲೆ ಬರೆಯಲು ಕಾಯುತ್ತ ನಿಂತಿದ್ದ. ಆ ಯಂತ್ರದ ಸ್ವಂತ ಲಾಗ್‌ನಲ್ಲಿ ಈ ಸಲವೂ ಕೊನೆಯ ಸಾಲು ಯಾವುದೋ ನಿಗದಿತ ಕೆಲಸ ಸರಿಯಾಗಿ ಮುಗಿಯಿತು ಎಂಬುದೇ ಆಗಿತ್ತು.